ವೇಳಾಂಕಣ್ಣಿಯಲ್ಲಿ ಒಂದು ರಾತ್ರಿ ತಂಗಿಸಿ: ಯಾತ್ರಾ ಸಂಘಟಕರಿಗೊಂದು ಬಹಿರಂಗ ಪತ್ರ

ಇವರಿಗೆ,
ಬೆಂಗಳೂರು, ಮೈಸೂರು, ಕೋಲಾರ, ಕೆಜಿಎಫ್ ಕಡೆಗಳಿಂದ ತಮಿಳುನಾಡಿನ ಕಡಲತೀರದ ಕ್ರೈಸ್ತ ಯಾತ್ರಾಕ್ಷೇತ್ರ ವೇಳಾಂಕಣ್ಣಿಗೆ ಭಕ್ತರನ್ನು ಕರೆದೊಯ್ಯುವ ಯಾತ್ರಾ ಸಂಘಟಕರಿಗೆ, ಬಸ್ಸು ಮತ್ತು ಟೆಂಪೊ ಟ್ರಾವೆಲರ್ ಮಾಲೀಕರಿಗೆ, ಯಾತ್ರೆಗೆ ಒಪ್ಪಿಗೆ ಕೊಡುವ ಧರ್ಮಕೇಂದ್ರಗಳ (ಚರ್ಚುಗಳ) ಪಾಲನಾ ಸಮಿತಿಗಳಿಗೆ.

ವಿಷಯ: ಎರಡು ರಾತ್ರಿ ಬಸ್ಸಿನಲ್ಲಿ, ಒಂದು ಹಗಲು ಕ್ಷೇತ್ರದಲ್ಲಿ ಎಂಬ ಯಾತ್ರಾ ಪದ್ಧತಿಯನ್ನು ಕೈಬಿಡುವ ಕುರಿತು.

ಮಾನ್ಯರೇ,

ನೀವು ಮಾಡುತ್ತಿರುವುದು ಸಣ್ಣ ಕೆಲಸವಲ್ಲ. ತಮಿಳು ಬಾರದ, ಒಂಟಿಯಾಗಿ ಅಷ್ಟು ದೂರ ಹೋಗಿಬರುವ ಧೈರ್ಯವಿಲ್ಲದ ಎಷ್ಟೋ ಹಿರಿಯರು, ಮನೆಗೆಲಸದ ಹೆಂಗಸರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಅಲ್ಲಿನ ಆರೋಗ್ಯ ಮಾತೆ ಮರಿಯಮ್ಮನವರ ಮುಂದೆ ನಿಂತು ಒಂದು ಮೇಣದಬತ್ತಿ ಹಚ್ಚಿದ್ದಾರೆಂದರೆ ಅದು ನಿಮ್ಮಿಂದ. ಆ ಋಣ ಮರೆತು ಬರೆಯುತ್ತಿರುವ ಪತ್ರವಲ್ಲ ಇದು. ಆದರೆ ವರ್ಷ ವರ್ಷವೂ ಅದೇ ಕರಪತ್ರ, ಅದೇ ವೇಳಾಪಟ್ಟಿ, ಅದೇ ಅವಸರ. ಅದರಿಂದಾಗುವ ತೊಂದರೆಗಳೂ ಅವೇ. ಅವನ್ನು ನಿಮ್ಮೆದುರು ಬಿಡಿಸಿಡಬೇಕಾಗಿದೆ.

ಕರಪತ್ರದಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು. ಶುಕ್ರವಾರ ರಾತ್ರಿ 9ಕ್ಕೆ ಬೆಂಗಳೂರು ಬಿಡುವುದು, ಶನಿವಾರ ಬೆಳಗ್ಗೆ ವೇಳಾಂಕಣ್ಣಿ, ಸಂಜೆ 4ಕ್ಕೆ ಅಲ್ಲಿಂದ ಹೊರಟು ದಾರಿಯಲ್ಲಿ ತಂಜಾವೂರು ಬಳಿಯ ಪೂಂಡಿ ಮಾತೆಯ ದರ್ಶನ, ಭಾನುವಾರ ಬೆಳಗಿನ ಪೂಜೆಯ ಹೊತ್ತಿಗೆ ಮನೆ. ರೂಮಿನ ಖರ್ಚಿಲ್ಲ ಎಂಬುದೇ ಇದರ ಆಕರ್ಷಣೆ. ನಮ್ಮ ದೂರೂ ಅದರ ಮೇಲೇ. ಆ ಒಂದು ರೂಮಿನ ಖರ್ಚು ಉಳಿಸಲು ಹೋಗಿಯೇ ಉಳಿದೆಲ್ಲ ಕಷ್ಟ ಹುಟ್ಟಿಕೊಳ್ಳುತ್ತಿದೆ.

ಮೊದಲು ರಸ್ತೆಯ ಮಾತು. ಹೊಸೂರು, ಕೃಷ್ಣಗಿರಿ, ಧರ್ಮಪುರಿ, ಸೇಲಂ, ನಾಮಕ್ಕಲ್, ತಿರುಚ್ಚಿ, ತಂಜಾವೂರು, ತಿರುವಾರೂರು, ನಾಗಪಟ್ಟಿಣಂ ದಾಟಿ ವೇಳಾಂಕಣ್ಣಿ ಸೇರುವಾಗ ಮೀಟರಿನಲ್ಲಿ ಸುಮಾರು 500 ಕಿ.ಮೀ. ಓಡಿರುತ್ತದೆ. ಚಹಾ, ಟಾಯ್ಲೆಟ್ಟು, ಟೋಲು ಎಲ್ಲ ಸೇರಿ ಬಸ್ಸಿಗೆ 10ರಿಂದ 11 ಗಂಟೆಯ ಹಾದಿ. ಬರುವಾಗಲೂ ಅಷ್ಟೇ, ಪೂಂಡಿಗೆ ತಿರುಗಿದರೆ ಇನ್ನೂ ಹೆಚ್ಚು. ಅಂದರೆ ಶುಕ್ರವಾರ ರಾತ್ರಿ 9ರಿಂದ ಭಾನುವಾರ ನಸುಕಿನ ತನಕದ 31-32 ಗಂಟೆಯಲ್ಲಿ 21-22 ಗಂಟೆ ದಾರಿಯಲ್ಲೇ. ಬಹಳಷ್ಟು ಗಾಡಿಗಳಲ್ಲಿ ಇದನ್ನು ಒಬ್ಬನೇ ಚಾಲಕ ಎಳೆಯುತ್ತಾನೆ. ಜೊತೆಗೆ ಕ್ಲೀನರ್ ಇದ್ದಾನಲ್ಲ ಎನ್ನುತ್ತೀರಿ. ಕ್ಲೀನರ್ ಚಾಲಕನಲ್ಲ, ಹೆವಿ ಲೈಸೆನ್ಸ್ ಇಲ್ಲದವನ ಕೈಗೆ ರಾತ್ರಿ ಎರಡಕ್ಕೆ ಸ್ಟಿಯರಿಂಗ್ ಕೊಡುವುದು ಒಬ್ಬನೇ ಓಡಿಸುವುದಕ್ಕಿಂತ ದೊಡ್ಡ ತಪ್ಪು.

ಚಾಲಕನ ದುಡಿಮೆ ದಿನಕ್ಕೆ 8 ಗಂಟೆ, 5 ಗಂಟೆ ಓಡಿಸಿದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವು ಎಂಬ ಲೆಕ್ಕವನ್ನು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹಾಕಿಕೊಟ್ಟಿತು. ಆ ಮಿತಿ ಸುಮ್ಮನೆ ಹುಟ್ಟಿದ್ದಲ್ಲ. ಧರ್ಮಪುರಿ ದಾಟಿ ಸೇಲಂ ಕಡೆ ಇಳಿಯುವ ತೊಪ್ಪೂರು ಘಾಟ್ ನೋಡಿ. ಉದ್ದನೆಯ ಇಳಿಜಾರು, ತಿರುವುಗಳು, ಮುಂದೆ ಭಾರ ಹೊತ್ತು ತೆವಳುವ ಲಾರಿಗಳು. ಇಡೀ ಇಳಿಜಾರನ್ನು ಬ್ರೇಕ್ ಒತ್ತಿಹಿಡಿದೇ ಇಳಿದರೆ ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಮೇಲಿನಿಂದಲೇ ಕೆಳಗಿನ ಗೇರ್‌ಗೆ ಹಾಕಿ ಎಂಜಿನ್ ಹಿಡಿತದಲ್ಲಿ ಇಳಿಯಬೇಕು. ರಾತ್ರಿ 9ಕ್ಕೆ ಬೆಂಗಳೂರು ಬಿಟ್ಟ ಗಾಡಿ ಅಲ್ಲಿಗೆ ಬರುವುದು ಮಧ್ಯರಾತ್ರಿ ದಾಟಿದ ಮೇಲೆ. ಆಮೇಲೆ ನಾಮಕ್ಕಲ್ಲಿನಿಂದ ತಿರುಚ್ಚಿ ತನಕದ ಹಾದಿ ಬೀಳುವುದು ಸರಿಯಾಗಿ ರಾತ್ರಿ ಎರಡರಿಂದ ಐದರ ನಡುವೆ, ಮೈ ತಾನಾಗಿ ನಿದ್ದೆ ಬೇಡುವ ಹೊತ್ತಿನಲ್ಲಿ. ಹಿಂದಿನ ಸೀಟುಗಳಲ್ಲಿ ಜಪಮಾಲೆ ಮುಗಿಸಿ ಎಲ್ಲರೂ ಮಲಗಿರುತ್ತಾರೆ. ಚಾಲಕನ ಜೊತೆ ಮಾತಾಡಲು ಒಬ್ಬರೂ ಎಚ್ಚರ ಇರುವುದಿಲ್ಲ.

ವಾಪಸು ಬರುವ ರಾತ್ರಿ ಇನ್ನೂ ಅಪಾಯದ್ದು. ಹೋಗುವಾಗ ಅವನು ಮನೆಯಲ್ಲಿ ಮಲಗಿ ಎದ್ದು ಬಂದಿರುತ್ತಾನೆ. ಬರುವಾಗ ಹಾಗಲ್ಲ. ಶನಿವಾರ ಹಗಲು ಅವನು ಮಲಗಬೇಕಾದದ್ದು ಪಾರ್ಕಿಂಗ್‌ನಲ್ಲಿ ಬಿಸಿಲಿಗೆ ಕಾದ ಬಸ್ಸಿನೊಳಗೆ, ಎಂಜಿನ್ ಬಂದ್, ಎ.ಸಿ. ಬಂದ್. ಯಾತ್ರಿಕರಿಗೆ ರೂಮಿಲ್ಲದ ಕಾರಣ ಅವರ ಬ್ಯಾಗುಗಳೂ ಆ ಬಸ್ಸಿನಲ್ಲೇ. ಗಂಟೆಗೊಬ್ಬರು ಬಂದು ಬಾಗಿಲು ತಟ್ಟುತ್ತಾರೆ: ಟವೆಲ್ ಬೇಕು, ಮಾತ್ರೆ ಬೇಕು, ಮಗುವಿನ ಬಟ್ಟೆ ಬದಲಿಸಬೇಕು. ಅರೆಗಣ್ಣಿನಲ್ಲೇ ಹಗಲು ಕಳೆದ ಆ ಮನುಷ್ಯನ ಕೈಯಲ್ಲಿ 45 ಜೀವ ಕೊಟ್ಟು ಸಂಜೆ ನಾಲ್ಕಕ್ಕೆ ಹೊರಡುತ್ತೀರಿ. ರೂಮಿಲ್ಲದ್ದು ಯಾತ್ರಿಕರ ದುಡ್ಡನ್ನೇನೋ ಉಳಿಸಿತು, ಆದರೆ ಚಾಲಕನ ನಿದ್ದೆಯನ್ನು ತಿಂದಿತು ಎಂಬುದು ಇದಕ್ಕೇ.

ಎರಡನೇ ಚಾಲಕನ ಖರ್ಚು ಎಷ್ಟಾಗುತ್ತದೆ? ಬಾಟಾ, ಊಟ ಎಲ್ಲ ಸೇರಿ 3,000 ರೂಪಾಯಿ ಎಂದೇ ಇಟ್ಟುಕೊಳ್ಳಿ. 45 ಮಂದಿಗೆ ಹಂಚಿದರೆ ತಲೆಗೆ 67 ರೂಪಾಯಿ. ದಾರಿಯಲ್ಲಿ ಎರಡು ಸಲ ತಿಂಡಿಗೆ ಆಗುವಷ್ಟೂ ಇಲ್ಲ.

ಗಾಡಿಯ ಬಗ್ಗೆ ಇನ್ನೊಂದೇ ಮಾತು. ಬಾಡಿಗೆಗೆ ವೈಟ್ ಬೋರ್ಡ್ ಗಾಡಿ ಹಿಡಿಯಬೇಡಿ. ಸ್ವಂತ ಬಳಕೆಗೆಂದು ನೋಂದಾಯಿಸಿದ ಗಾಡಿಯನ್ನು ಬಾಡಿಗೆಗೆ ಓಡಿಸುವಾಗ ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯುವುದು ಮೊದಲು ಅಲ್ಲಿಂದಲೇ. ಸತ್ತವರ ಮನೆಯವರು ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾಗುತ್ತದೆ. ಹೊರಡುವ ಮುನ್ನ ಬಾಡಿಗೆ ಗಾಡಿಯ ಯೆಲ್ಲೋ ಬೋರ್ಡ್, ತಮಿಳುನಾಡಿಗೆ ಪರ್ಮಿಟ್, ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪತ್ರ), ವಿಮೆ ನಾಲ್ಕನ್ನೂ ಕಣ್ಣಾರೆ ನೋಡಿ. ಪ್ರಯಾಣಿಕರ ಹೆಸರು, ವಯಸ್ಸು, ಮನೆಯವರ ಫೋನ್ ನಂಬರ್ ಇರುವ ಪಟ್ಟಿಯ ಒಂದು ಪ್ರತಿ ಬಸ್ಸಿನಲ್ಲಿ, ಇನ್ನೊಂದು ಊರಿನಲ್ಲಿ ಉಳಿದವರ ಕೈಯಲ್ಲಿ ಇರಲಿ.

ಈಗ ಕ್ಷೇತ್ರದ ಮಾತಿಗೆ ಬರೋಣ. ಬೆಳಗ್ಗೆ ಎಂಟಕ್ಕೋ ಎಂಟೂವರೆಗೋ ಬಸ್ಸು ನಿಲ್ಲುತ್ತದೆ. 45 ಮಂದಿಗೂ ಮುಖ ತೊಳೆಯಬೇಕು, ಸ್ನಾನ ಆಗಬೇಕು, ಯಾತ್ರೆಯ ಕಾವಿ ಬಟ್ಟೆ ಉಡಬೇಕು. ರೂಮಿಲ್ಲ. "ಸಮುದ್ರ ಇದೆಯಲ್ಲ, ಅಲ್ಲೇ ಮುಳುಗು ಹಾಕಿ ಬನ್ನಿ" ಎಂದು ಮುಖಂಡರೇ ಹೇಳಿ ಕಳಿಸುತ್ತಾರೆ. ಯಾತ್ರೆಯ ಅತಿ ಅಪಾಯದ ಗಳಿಗೆ ಶುರುವಾಗುವುದು ಅಲ್ಲಿಂದ.

ವೇಳಾಂಕಣ್ಣಿಯ ಮುಂದಿರುವುದು ಬಂಗಾಳ ಕೊಲ್ಲಿ, ತಡೆಯಿಲ್ಲದ ತೆರೆದ ಕಡಲು. ಕೆರೆಯಲ್ಲಿ, ಹೊಳೆಯಲ್ಲಿ ಈಜಿ ಬೆಳೆದವರಿಗೂ ಕಡಲಿನ ಸೆಳೆತ ಗೊತ್ತಿರುವುದಿಲ್ಲ. ದಡಕ್ಕೆ ಅಪ್ಪಳಿಸಿದ ನೀರು ವಾಪಸು ಹೋಗಲೇಬೇಕು. ಮರಳಿನ ದಿಬ್ಬಗಳ ನಡುವೆ ತಗ್ಗು ಸಿಕ್ಕಲ್ಲಿ ಅದೆಲ್ಲ ಒಟ್ಟಾಗಿ ಕಾಲುವೆಯಂತೆ ಒಳಕ್ಕೆ ಹರಿಯುತ್ತದೆ. ಆ ಜಾಗದಲ್ಲಿ ಅಲೆ ಮುರಿಯುವುದಿಲ್ಲ. ನೊರೆ ಕಡಿಮೆ, ನೀರು ಸ್ವಲ್ಪ ಕಪ್ಪಗೆ, ಶಾಂತವಾಗಿ ಕಾಣುತ್ತದೆ. ಮಕ್ಕಳನ್ನು ಹಿಡಿದುಕೊಂಡವರು "ಇಲ್ಲಿ ಅಲೆ ಇಲ್ಲ" ಎಂದು ಅಲ್ಲಿಗೇ ಇಳಿಯುತ್ತಾರೆ. ಮೊಣಕಾಲು ಮಟ್ಟದ ನೀರಿನಲ್ಲಿ ಆರು ಗಜದ ಸೀರೆ ನೆನೆದು ಕಾಲಿಗೆ ಸುತ್ತಿಕೊಂಡಾಗ ಒಂದು ಅಲೆ ಹಿಂದಿನಿಂದ ತಳ್ಳಿದರೆ ಸಾಕು, ಕಾಲಡಿಯ ಮರಳು ಜಾರಿ ಕೂತುಬಿಡುತ್ತಾರೆ. ಎದ್ದು ನಿಲ್ಲುವಷ್ಟರಲ್ಲಿ ಇನ್ನೊಂದು ಅಲೆ. ಈಜು ಬರುವವರು ಹಿಡಿಯಲು ಹೋಗಿ ತಾವೂ ಸಿಕ್ಕಿಕೊಳ್ಳುತ್ತಾರೆ.

ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ನೇರ ಈಜಬಾರದು, ಸುಸ್ತಾಗಿ ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು. ಸೆಳೆತದ ಕಾಲುವೆ ಅಗಲವಾಗಿರುವುದಿಲ್ಲ, ಅದರಿಂದ ಹೊರಬಂದ ಮೇಲೆ ಅಲೆಯೇ ದಡಕ್ಕೆ ತರುತ್ತದೆ. ಈಜು ಬಾರದವರು ಕೈ ಎತ್ತಿ ಕೂಗುತ್ತಾ, ಮಲಗಿದ ಹಾಗೆ ತೇಲಲು ನೋಡಬೇಕು. ಕಾಪಾಡಲು ಹೋಗುವವರು ಬರಿಗೈಯಲ್ಲಿ ಇಳಿಯಬಾರದು. ಮುಚ್ಚಳ ಬಿಗಿ ಮಾಡಿದ ಖಾಲಿ 20 ಲೀಟರ್ ನೀರಿನ ಕ್ಯಾನ್ ಬಸ್ಸಿನಲ್ಲಿ ಇದ್ದೇ ಇರುತ್ತದೆ. ಅದಕ್ಕೆ ಉದ್ದನೆಯ ಹಗ್ಗ ಕಟ್ಟಿ ಎಸೆದರೆ ಒಬ್ಬರನ್ನು ತೇಲಿಸಿ ಹಿಡಿಯುತ್ತದೆ. ಇದನ್ನೆಲ್ಲ ಬಸ್ಸಿನಲ್ಲಿ ಮೈಕ್ ಹಿಡಿದು ಐದು ನಿಮಿಷ ಹೇಳಬಹುದು. ಕಾಲು ತೋಯಿಸಿಕೊಳ್ಳಲಿ, ಬೇಡ ಎನ್ನುವುದಿಲ್ಲ. ಆದರೆ ಸ್ನಾನಕ್ಕೆ ಕಡಲನ್ನು ತೋರಿಸಬೇಡಿ.

ಆ ಕಡಲ ಬಗ್ಗೆ ಇನ್ನೊಂದು ನೆನಪನ್ನು ದಾಟಿ ಹೋಗಲಾರೆವು. 2004ರ ಡಿಸೆಂಬರ್ 26, ಕ್ರಿಸ್ಮಸ್ ಮರುದಿನದ ಭಾನುವಾರ. ಬೆಳಗಿನ ಪೂಜೆಯ ಹೊತ್ತಿನಲ್ಲೇ ಸುನಾಮಿ ಅಪ್ಪಳಿಸಿತು. ಬಸಿಲಿಕಾದ, ಅಂದರೆ ಕ್ಷೇತ್ರದ ಮುಖ್ಯ ದೇವಾಲಯದ, ಒಳಗಿದ್ದವರು ಉಳಿದರು. ಕಡಲತೀರದಲ್ಲಿ, ಅಂಗಡಿಸಾಲಿನಲ್ಲಿ ಇದ್ದ ನೂರಾರು ಯಾತ್ರಿಕರೂ ಊರಿನವರೂ ಪ್ರಾಣ ಬಿಟ್ಟರು. ನೆಲ ನಡುಗಿದರೆ, ಅಥವಾ ಕಡಲು ಇದ್ದಕ್ಕಿದ್ದಂತೆ ಹಿಂದೆ ಸರಿದು ತಳದ ಮರಳು ಕಾಣಿಸಿದರೆ, ಚಪ್ಪಲಿ, ಬ್ಯಾಗು ಹುಡುಕದೆ ಕಡಲಿಗೆ ಬೆನ್ನು ಮಾಡಿ ಓಡಬೇಕು. ಇಪ್ಪತ್ತು ವರ್ಷ ಕಳೆದಿದೆ, ಈಗ ಯಾತ್ರೆಗೆ ಬರುವ ಎಷ್ಟೋ ಹುಡುಗರು ಆಗ ಹುಟ್ಟಿರಲೇ ಇಲ್ಲ. ಅವರಿಗೆ ಯಾರಾದರೂ ಹೇಳಬೇಕು.

ಕಡಲಿನಿಂದ ಬಂದು, ಬಸ್ಸಿನಲ್ಲಿ ಪರದೆ ಹಿಡಿದು ಬಟ್ಟೆ ಬದಲಿಸಿ, ತಿಂಡಿ ಮುಗಿಸುವಾಗ ಹನ್ನೊಂದು ದಾಟಿರುತ್ತದೆ. ಆಮೇಲೆ ಹರಕೆ. ಮಾತಾಕುಳ ಎಂಬ ಕೆರೆಗೂ ಬಸಿಲಿಕಾಕ್ಕೂ ನಡುವಿನ ಮರಳು ಹಾದಿಯಲ್ಲಿ ಮಂಡಿಯೂರಿ ನಡೆಯುವವರು ಆ ಹಾದಿಗೆ ಇಳಿಯುವುದು ನಡುಹಗಲಿಗೆ. ಅವಸರದ ವೇಳಾಪಟ್ಟಿಯಲ್ಲಿ ಅವರಿಗೆ ಬೇರೆ ಹೊತ್ತೇ ಉಳಿದಿಲ್ಲ. ಬಿಸಿಲಿಗೆ ಕಾದ ಒಣ ಮರಳು ಗಾಳಿಗಿಂತ ಎಷ್ಟೋ ಹೆಚ್ಚು ಬಿಸಿ. ಏಪ್ರಿಲ್, ಮೇ ತಿಂಗಳಲ್ಲಿ 50 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ. ಹತ್ತಾರು ವರ್ಷದ ಸಕ್ಕರೆ ಕಾಯಿಲೆಯವರಿಗೆ ಕಾಲಿನಲ್ಲಿ ಸ್ಪರ್ಶವೇ ಕಡಿಮೆಯಾಗಿರುತ್ತದೆ. ಸುಡುತ್ತಿದ್ದರೂ ಗೊತ್ತಾಗುವುದಿಲ್ಲ, ನೋವಿಲ್ಲದ್ದನ್ನು ಮಾತೆಯ ಕೃಪೆ ಎಂದುಕೊಂಡು ಮುಂದೆ ಹೋಗುತ್ತಾರೆ. ರಾತ್ರಿ ಬಸ್ಸಿನಲ್ಲಿ ಬೊಬ್ಬೆ ಏಳುತ್ತದೆ, ವಾರ ಕಳೆದು ಕೀವು ತುಂಬುತ್ತದೆ. ಬೆರಳು ಕಳೆದುಕೊಳ್ಳುವ ತನಕ ಹೋಗುವುದು ಇಂಥ ಗಾಯಗಳೇ.

ಬೆಳಗ್ಗೆ ಎಂಟರ ಒಳಗೆ ಅಥವಾ ಸಂಜೆ ಐದರ ಮೇಲೆ ಮರಳು ತಣ್ಣಗಿರುತ್ತದೆ. ಮಂಡಿಗೆ ದಪ್ಪ ಹತ್ತಿ ಬಟ್ಟೆ ಸುತ್ತಿಕೊಂಡರೆ ಹರಕೆಗೆ ಭಂಗವಿಲ್ಲ. ಮುಗಿದ ಮೇಲೆ ಇಬ್ಬರು ಕೈಹಿಡಿದು ನಿಧಾನ ಎಬ್ಬಿಸಬೇಕು. ಅಷ್ಟು ಹೊತ್ತು ಮಂಡಿಯಲ್ಲಿದ್ದು ಥಟ್ಟನೆ ಎದ್ದರೆ ತಲೆಸುತ್ತಿ ಬೀಳುವವರೇ ಹೆಚ್ಚು. ನೀರಿಗೆ ಒಆರ್‌ಎಸ್ ಇರಲಿ, ದೊಡ್ಡ ಪ್ಯಾಕೆಟ್ ಒಂದಕ್ಕೆ ಸರಿಯಾಗಿ ಒಂದು ಲೀಟರ್ ನೀರು. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಬಸ್ಸಿನ ಡಿಕ್ಕಿಯಲ್ಲಿ ಬಿಡಬಾರದು, ಕಾದು ಕೆಟ್ಟುಹೋಗುತ್ತದೆ. ಒದ್ದೆ ಬಟ್ಟೆ ಸುತ್ತಿದ ಡಬ್ಬಿಯಲ್ಲಿ ಕೈಚೀಲದಲ್ಲೇ ಇರಬೇಕು.

ಹರಕೆಯ ಬಗ್ಗೆ ಪಾಲನಾ ಸಮಿತಿಯವರಿಗೆ ವಿಶೇಷವಾಗಿ ಒಂದು ಮಾತು. ಆಗದ ದೇಹ ಹೊತ್ತು ಮರಳಿಗೆ ಇಳಿಯುವ ಅಜ್ಜಿಯರನ್ನು ಭಯವೇ ಅಲ್ಲಿಗೆ ತಳ್ಳುತ್ತದೆ: ಹೊತ್ತ ಹರಕೆ ತೀರಿಸದಿದ್ದರೆ ಮನೆಗೆ ಕೇಡು ಎಂಬ ಭಯ. ಕಥೋಲಿಕ ಧರ್ಮಸಭೆ ಹಾಗೆ ಹೇಳಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1193ನೇ ಕಟ್ಟಳೆಯ ಪ್ರಕಾರ ಹರಕೆ ಕಟ್ಟುವುದು ಅದನ್ನು ಹೊತ್ತವರನ್ನು ಮಾತ್ರ. ಅತ್ತೆ ಹೊತ್ತ ಹರಕೆ ಸೊಸೆಯ ಮಂಡಿಯ ಮೇಲಿಲ್ಲ. 1197ನೇ ಕಟ್ಟಳೆಯಂತೆ ಖಾಸಗಿ ಹರಕೆ ಹೊತ್ತವರು ಅದನ್ನು ಅಷ್ಟೇ ಒಳ್ಳೆಯ ಅಥವಾ ಅದಕ್ಕಿಂತ ಒಳ್ಳೆಯ ಕಾರ್ಯಕ್ಕೆ ತಾವೇ ಬದಲಿಸಿಕೊಳ್ಳಬಹುದು. 1196ರಂತೆ ಧರ್ಮಕೇಂದ್ರದ ಗುರುಗಳು ತಕ್ಕ ಕಾರಣವಿದ್ದರೆ ಬಿಡುಗಡೆಯನ್ನೇ ಕೊಡಬಹುದು. ಯಾತ್ರೆಗೆ ಒಂದು ವಾರ ಮುಂಚೆ ಭಾನುವಾರದ ಪ್ರಕಟಣೆಯಲ್ಲಿ ಇಷ್ಟನ್ನು ಓದಿ ಹೇಳಿದರೆ ಎಷ್ಟು ಮಂಡಿಗಳು ಉಳಿಯುತ್ತವೆ! "ಮಂಡಿಯಲ್ಲಿ ಆಗದಮ್ಮ, ಜಪಮಾಲೆ ಹೇಳುತ್ತಾ ನಡೆದುಕೊಂಡೇ ಹೋಗಿ, ಮಾತೆಗೆ ಗೊತ್ತಾಗುತ್ತದೆ" ಎಂಬ ಮಾತು ಗುರುಗಳ ಬಾಯಿಂದ ಬಂದರೆ ಅವರು ಕೇಳುತ್ತಾರೆ. ನಮ್ಮ ನಿಮ್ಮ ಬಾಯಿಂದ ಬಂದರೆ ಕೇಳುವುದಿಲ್ಲ.

ಮುಡಿ ಕೊಡುವವರಿಗೆ ಹೊಸ ಬ್ಲೇಡ್ ಕಣ್ಣೆದುರೇ ಬಿಚ್ಚಿಸಿ ಹಾಕಿಸಲು ಹೇಳಿ. ಮಕ್ಕಳ ತಲೆಗೆ ಗಾಯವಾದರೆ ಆಮೇಲೆ ಕಡಲ ನೀರು, ಬಿಸಿಲು ಎರಡೂ ಬೇಡ.

ಇಷ್ಟೆಲ್ಲದರ ನಡುವೆ ಯಾತ್ರೆಯ ತಿರುಳೇ ಕೈತಪ್ಪಿ ಹೋಗುತ್ತಿದೆ. ಕ್ಷೇತ್ರಗಳಲ್ಲಿ ದೇವರ ವಾಕ್ಯ ಸಾರುವುದು, ಬಲಿಪೂಜೆ ಮತ್ತು ಪಾಪನಿವೇದನೆ, ಜನರ ಭಕ್ತಿ ಆಚರಣೆಗಳು ಹೆಚ್ಚು ಸಮೃದ್ಧವಾಗಿ ದೊರೆಯಬೇಕು ಎನ್ನುತ್ತದೆ 1234ನೇ ಕಟ್ಟಳೆ. ಕ್ಷೇತ್ರದಲ್ಲಿ ಅವೆಲ್ಲ ಇವೆ. ಬೇರೆ ಬೇರೆ ಭಾಷೆಗಳಲ್ಲಿ ಪೂಜೆಗಳಿವೆ, ನಸುಕಿನಿಂದಲೇ ಪ್ರಾರ್ಥನೆ ಶುರುವಾಗುತ್ತದೆ. ಆದರೆ ಎಂಟೂವರೆಗೆ ಬಂದು ನಾಲ್ಕಕ್ಕೆ ಹೊರಡುವವರಿಗೆ ಸಿಗುವುದು ಒಂದು ಪೂಜೆ, ಅದೂ ಸಿಕ್ಕರೆ. ಪಾಪನಿವೇದನೆಯ ಸಾಲಿನಲ್ಲಿ ನಿಂತವರನ್ನು "ಬಸ್ಸು ಹೊರಡುತ್ತೆ" ಎಂದು ಫೋನ್ ಮಾಡಿ ಎಬ್ಬಿಸಿಕೊಂಡು ಬರುತ್ತಾರೆ. ವರ್ಷಗಳ ಭಾರ ಇಳಿಸಲೆಂದೇ ಬಂದವರು ಅದನ್ನು ಹಾಗೇ ಹೊತ್ತು ಬಸ್ಸು ಹತ್ತುತ್ತಾರೆ. ನಮ್ಮ ದೂರುಗಳಲ್ಲಿ ಅತಿ ನೋವಿನದು ಇದೇ.

ಬಹುಪಾಲು ಗುಂಪುಗಳು ಬಸಿಲಿಕಾ ಒಂದನ್ನು ನೋಡಿ ಅಂಗಡಿಗೆ ನುಗ್ಗುತ್ತವೆ. ಕ್ಷೇತ್ರದ ಕಥೆ ಇರುವುದು ಮೂರು ಜಾಗಗಳಲ್ಲಿ. ಹಾಲು ಹೊತ್ತು ಹೊರಟ ಹುಡುಗನಿಗೆ ಮಾತೆ ಮಗುವಿನೊಂದಿಗೆ ಕಾಣಿಸಿಕೊಂಡಳು ಎನ್ನುವ ಕೆರೆ, ಅದೇ ಮಾತಾಕುಳ. ಮಜ್ಜಿಗೆ ಮಾರುತ್ತಿದ್ದ ಕುಂಟ ಹುಡುಗ ಎದ್ದು ನಡೆದನೆನ್ನುವ ದಿಬ್ಬ, ಅದು ನಡುತಿಟ್ಟು. ಬಿರುಗಾಳಿಗೆ ಸಿಕ್ಕ ಪೋರ್ಚುಗೀಸ್ ನಾವಿಕರು ಸೆಪ್ಟೆಂಬರ್ 8ರಂದು ದಡ ಸೇರಿ, ಕೃತಜ್ಞತೆಗಾಗಿ ಕಟ್ಟಿಸಿದರೆನ್ನುವ ಗುಡಿ ಬೆಳೆದು ಇಂದಿನ ದೇವಾಲಯವಾಯಿತು. 1962ರಲ್ಲಿ ಪೋಪ್ ಇಪ್ಪತ್ತಮೂರನೇ ಜಾನ್ ಅದನ್ನು ಕಿರಿಯ ಬಸಿಲಿಕಾ ಎಂದು ಸಾರಿದರು. ಕೆರೆಯಿಂದ ಹೊರಟು ದಿಬ್ಬಕ್ಕೆ ಬಂದು ಕೊನೆಗೆ ಬಸಿಲಿಕಾ ಸೇರಿದರೆ ಕಥೆ ತನ್ನ ಕ್ರಮದಲ್ಲೇ ಬಿಚ್ಚಿಕೊಳ್ಳುತ್ತದೆ, ಮಕ್ಕಳಿಗೂ ಅರ್ಥವಾಗುತ್ತದೆ. ಕಾಣಿಕೆಗಳ ಸಂಗ್ರಹಾಲಯಕ್ಕೂ ಹೊತ್ತು ಬೇಕು. ಬೆಳ್ಳಿಯ ಕಣ್ಣು, ಕೈ, ಕಾಲು, ತೊಟ್ಟಿಲುಗಳ ಸಾಲಿನ ಮುಂದೆ ನಿಂತರೆ ಜನ ಇಲ್ಲಿಗೆ ಏನು ಹೊತ್ತು ಬರುತ್ತಾರೆ ಎಂಬುದು ತಿಳಿಯುತ್ತದೆ.

ಪೂಜೆಯ ವಿಷಯದಲ್ಲಿ ಮುಖಂಡರಿಗೆ ತಿಳಿದಿರಬೇಕಾದ ಸಣ್ಣ ಸಂಗತಿಗಳಿವೆ. ಪೂಜೆಯಲ್ಲಿ ಸ್ವೀಕರಿಸುವ ಪರಮಪ್ರಸಾದಕ್ಕೆ ಒಂದು ಗಂಟೆ ಮುಂಚಿನಿಂದ ಉಪವಾಸ. ನೀರು, ಔಷಧಿ ಇದಕ್ಕೆ ಸೇರುವುದಿಲ್ಲ. ವಯಸ್ಸಾದವರಿಗೆ, ಕಾಯಿಲೆಯವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಉಪವಾಸದ ಕಟ್ಟೇ ಇಲ್ಲ. ಆದರೂ ಸಕ್ಕರೆ ಕಾಯಿಲೆಯ ಅಮ್ಮಂದಿರನ್ನು ರಾತ್ರಿಯಿಂದ ಹಸಿದಿರಿಸಿ ಪೂಜೆಯ ನಡುವೆ ತಲೆಸುತ್ತಿ ಬೀಳಿಸುವ ಗುಂಪುಗಳಿವೆ. ನಿಮ್ಮೊಂದಿಗೆ ನಿಮ್ಮ ಗುರುಗಳೇ ಬರುವುದಾದರೆ ಧರ್ಮಕ್ಷೇತ್ರದ (ಬಿಷಪರ ಆಡಳಿತದ) ಗುರುತುಪತ್ರ, ಒಂದು ವರ್ಷದೊಳಗೆ ಕೊಟ್ಟದ್ದು, ಕೈಯಲ್ಲಿರಲಿ. ಕ್ಷೇತ್ರದ ಕಚೇರಿಗೆ ಮೊದಲೇ ಬರೆದು ಗುಂಪಿಗೆ ಕನ್ನಡದಲ್ಲಿ ಪೂಜೆಗೆ ಜಾಗ, ಹೊತ್ತು ಕೇಳಿ. ಕನ್ನಡದಲ್ಲಿ ಪಾಪನಿವೇದನೆ ಕೇಳುವ ಗುರು ಒಬ್ಬರು ಬಸ್ಸಿನಲ್ಲೇ ಇದ್ದರೆ ಭಾಷೆಯ ತೊಡಕೇ ಇಲ್ಲ. ನಿಮ್ಮ ಬಸ್ಸಿನಲ್ಲಿ ಹಿಂದೂ ಮನೆಗಳವರೂ ಬರುತ್ತಾರೆ, ಮುಸ್ಲಿಮರೂ ಬರುತ್ತಾರೆ. ಮಾತೆಯ ಮುಂದೆ ಅವರ ಕಣ್ಣೀರೂ ಒಂದೇ. ಪರಮಪ್ರಸಾದ ಕಥೋಲಿಕರಿಗೆ, ಉಳಿದವರು ಕುಳಿತಲ್ಲೇ ಪ್ರಾರ್ಥಿಸಬಹುದು ಎಂಬುದನ್ನು ಬಸ್ಸಿನಲ್ಲೇ ಮೆಲ್ಲಗೆ ಹೇಳಿಬಿಟ್ಟರೆ, ಸಾಲಿನಲ್ಲಿ ನಿಂತು ಹಿಂದೆ ಕಳಿಸಿಕೊಳ್ಳುವ ಮುಜುಗರ ಅವರಿಗೆ ಇರುವುದಿಲ್ಲ.

ದುಡ್ಡಿನ ಮಾತು ಚಿಕ್ಕದು. ಪೂಜೆಯ ಉದ್ದೇಶಕ್ಕೆಂದು ಬಸ್ಸಿನಲ್ಲಿ ಸಂಗ್ರಹಿಸಿದ ಹಣಕ್ಕೆ ಕ್ಷೇತ್ರದ ಕಚೇರಿಯ ರಶೀದಿ ತಂದು ಕೊಟ್ಟವರ ಕೈಗೇ ಕೊಡಿ. ಪೂಜೆಯ ಕಾಣಿಕೆಯಲ್ಲಿ ವ್ಯಾಪಾರದ ನೆರಳೂ ಬೀಳಬಾರದು ಎಂದು 947ನೇ ಕಟ್ಟಳೆ ಹೇಳುತ್ತದೆ. ಇಂಥದೇ ಅಂಗಡಿಯಲ್ಲಿ ಮೇಣದಬತ್ತಿ ಕೊಳ್ಳಿ ಎಂದು ಒತ್ತಾಯಿಸಿ ಕಮಿಷನ್ ಪಡೆಯುವುದೂ ನಿಲ್ಲಲಿ.

ಕಾಲದ ಬಗ್ಗೆ ನಮ್ಮ ಕಡೆಯವರು ಸಾಮಾನ್ಯವಾಗಿ ತಪ್ಪುವುದು ಮಳೆಯಲ್ಲಿ. ನಮ್ಮಲ್ಲಿ ಮಳೆ ಮುಗಿಯಿತೆಂದು ಅಕ್ಟೋಬರ್, ನವೆಂಬರ್‌ನಲ್ಲಿ ಯಾತ್ರೆ ಇಡುತ್ತೀರಿ. ಆ ಕರಾವಳಿಯಲ್ಲಿ ಮಳೆಗಾಲ ಶುರುವಾಗುವುದೇ ಆಗ. ಈಶಾನ್ಯ ಮಾರುತದ ಮಳೆ, ಚಂಡಮಾರುತ ಎರಡೂ ಅದೇ ತಿಂಗಳುಗಳಲ್ಲಿ. 2018ರ ನವೆಂಬರ್ 16ರಂದು ಗಜ ಚಂಡಮಾರುತ ದಡಕ್ಕೆ ಬಿದ್ದದ್ದು ಪಕ್ಕದ ವೇದಾರಣ್ಯಂ ಬಳಿ. ನಮ್ಮ ಕೊಡಗಿನಲ್ಲಿ ಹುಟ್ಟಿದ ಕಾವೇರಿ ಕೊನೆಗೆ ಕವಲೊಡೆದು ಹರಡಿಕೊಳ್ಳುವ ತಗ್ಗು ನೆಲ ಅದು, ತಂಜಾವೂರು ದಾಟಿದರೆ ಎರಡೂ ಕಡೆ ಗದ್ದೆ. ಜೋರು ಮಳೆಗೆ ರಸ್ತೆಯಂಚೇ ಕಾಣುವುದಿಲ್ಲ. ಜನವರಿಯಿಂದ ಮಾರ್ಚ್ ಮೊದಲ ಪಾದದ ತನಕ ಹವೆಯೂ ಹಿತ, ಬಿಸಿಲೂ ತಡೆಯುವಂಥದ್ದು.

ಹಬ್ಬಕ್ಕೇ ಹೋಗುವವರ ಕಷ್ಟ ಬೇರೆ. ಆಗಸ್ಟ್ 29ರ ಧ್ವಜಾರೋಹಣದ ಸಂಜೆಯಿಂದ ಸೆಪ್ಟೆಂಬರ್ 7ರ ದೊಡ್ಡ ತೇರು, 8ರ ಹಬ್ಬದ ತನಕ ಲಕ್ಷಗಟ್ಟಲೆ ಜನ. ಬಸ್ಸುಗಳನ್ನು ಊರ ಹೊರಗೇ ನಿಲ್ಲಿಸುತ್ತಾರೆ, ನಡೆಯಬೇಕು. ಜನ ಸೇರಿದಾಗ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ. ಕಳೆದುಹೋದ ಅಜ್ಜಿಯನ್ನು "ಕಾವಿ ಸೀರೆ ಉಟ್ಟಿದ್ದಾರೆ" ಎಂದು ಹುಡುಕಲು ಹೊರಟರೆ ಕಣ್ಣು ಹಾಯುವಷ್ಟೂ ಕಾವಿಯೇ. ಕುತ್ತಿಗೆಗೆ ನಿಮ್ಮ ಗುಂಪಿನದೇ ಬೇರೆ ಬಣ್ಣದ, ಊರಿನ ಹೆಸರು ಹೊಲಿದ ಟವೆಲ್ ಕೊಡಿ. ತಮಿಳು ಮತ್ತು ಇಂಗ್ಲಿಷಿನಲ್ಲಿ ಹೆಸರು, ಮುಖಂಡರ ನಂಬರ್, ಬಸ್ಸಿನ ನಂಬರ್ ಬರೆದ ಚೀಟಿಯನ್ನು ಪ್ಲಾಸ್ಟಿಕ್ ಹೊದಿಸಿ ಕೊರಳಿಗೆ ಹಾಕಿ. ಮಕ್ಕಳ ಮುಂಗೈ ಮೇಲೆ ಪೆನ್ನಿನಲ್ಲಿ ನಂಬರ್ ಬರೆಯಿರಿ. ಬಂದ ತಕ್ಷಣ ಎಲ್ಲರನ್ನೂ ಒಂದು ಜಾಗಕ್ಕೆ ಕರೆದುಕೊಂಡು ಹೋಗಿ, "ತಪ್ಪಿಸಿಕೊಂಡರೆ ಇಲ್ಲಿ ಬಂದು ನಿಲ್ಲಿ, ನಾವೇ ಬರುತ್ತೇವೆ" ಎಂದು ತೋರಿಸಿ. ಬಾಯಲ್ಲಿ ಹೇಳಿದರೆ ಸಾಲದು, ಕಾಲು ಅಲ್ಲಿಗೆ ನಡೆದಿರಬೇಕು. ಓಡಾಡಲಾಗದ ಹಿರಿಯರನ್ನು ಆ ಜನಜಂಗುಳಿಗೆ ಕರೆದೊಯ್ಯಲೇಬೇಕೆಂದಿಲ್ಲ. ಅದೇ 8ರಂದು ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾದಲ್ಲೂ ಹಬ್ಬ. ಕರಾವಳಿಯ ಮನೆಗಳಲ್ಲಿ ಮೊಂತಿ ಹಬ್ಬದ (ಮಾತೆಯ ಹುಟ್ಟುಹಬ್ಬದ) ಹೊಸ ಅಕ್ಕಿಯ ಊಟ. ಅವರು ಹಬ್ಬವನ್ನು ಇಲ್ಲೇ ಮಾಡಿ, ಜನ ಕಡಿಮೆ ಇರುವ ತಿಂಗಳಲ್ಲಿ ವೇಳಾಂಕಣ್ಣಿಗೆ ಬರಲಿ.

ಈಗ ನಮ್ಮ ಬೇಡಿಕೆ. ಶುಕ್ರವಾರ ರಾತ್ರಿ ಹೊರಡುವ ಬದಲು ಶನಿವಾರ ನಸುಕಿನ ನಾಲ್ಕಕ್ಕೆ ಹೊರಡಿ. ತೊಪ್ಪೂರು ಘಾಟನ್ನು ಬೆಳಕಿನಲ್ಲಿ ಇಳಿಯುತ್ತೀರಿ, ಮಧ್ಯಾಹ್ನ ಮೂರರ ಸುಮಾರಿಗೆ ಕ್ಷೇತ್ರದಲ್ಲಿರುತ್ತೀರಿ. ರೂಮಿನಲ್ಲಿ ಸ್ನಾನ, ಸಂಜೆ ತಣ್ಣಗಿನ ಮರಳಿನಲ್ಲಿ ಹರಕೆ, ಪಾಪನಿವೇದನೆ. ರಾತ್ರಿ ಎಲ್ಲರಿಗೂ ಹಾಸಿಗೆ, ಚಾಲಕರಿಗೆ ಮೊದಲು. ಭಾನುವಾರ ಬೆಳಗಿನ ಪೂಜೆ ಮಾತೆಯ ಸನ್ನಿಧಿಯಲ್ಲೇ. ಹತ್ತು ಗಂಟೆಗೆ ಹೊರಟರೆ ರಾತ್ರಿ ಒಂಬತ್ತು, ಹತ್ತಕ್ಕೆ ಊರು. ರಜೆ ಒಂದೂ ಹೆಚ್ಚು ಬೇಕಿಲ್ಲ, ಪೂಂಡಿಯನ್ನು ಇನ್ನೊಂದು ಸಲಕ್ಕೆ ಬಿಟ್ಟರೆ ಸಾಕು. ಕ್ಷೇತ್ರದ್ದೇ ವಸತಿಗೃಹಗಳಿವೆ, ಮೊದಲೇ ಕಾದಿರಿಸಿ, ಎಲ್ಲರೂ ಗುರುತಿನ ಚೀಟಿ ತರಲಿ. ಬಸ್ಸು ನಿಂತ ಕೂಡಲೇ ಸುತ್ತುವರಿಯುವ ದಲ್ಲಾಳಿಗಳ ಕೈಗೆ ಗುಂಪನ್ನು ಒಪ್ಪಿಸಬೇಡಿ.

ಮುಂದಿನ ಯಾತ್ರೆಯ ಕರಪತ್ರದಲ್ಲಿ ಇಬ್ಬರು ಚಾಲಕರ ಹೆಸರು, ಗಾಡಿಯ ನಂಬರ್, ತಂಗುವ ಜಾಗ, ತಲೆಗೆ ಬೀಳುವ ಖರ್ಚಿನ ವಿವರ ನಾಲ್ಕೂ ಅಚ್ಚಾಗಲಿ. ಪಾಲನಾ ಸಮಿತಿಯವರು ಈ ನಾಲ್ಕು ಇಲ್ಲದ ಕರಪತ್ರವನ್ನು ಚರ್ಚಿನ ಬೋರ್ಡಿಗೆ ಹಚ್ಚಲು ಬಿಡಬೇಡಿ, ಪೂಜೆಯ ಕೊನೆಯಲ್ಲಿ ಓದಬೇಡಿ. ಸೀಟು ಕಾದಿರಿಸುವವರೂ ದುಡ್ಡು ಕೊಡುವ ಮೊದಲು ಕೇಳಲಿ: "ರಾತ್ರಿ ಎಲ್ಲಿ ಮಲಗಿಸುತ್ತೀರಿ? ಡ್ರೈವರ್ ಎಲ್ಲಿ ಮಲಗುತ್ತಾರೆ?"

ಈ ವರ್ಷದ ಧ್ವಜಾರೋಹಣಕ್ಕೆ ಹೊರಡುವ ಬಸ್ಸುಗಳಿಂದಲೇ ಇದು ಶುರುವಾಗಲಿ ಎಂದು ಕೇಳಿಕೊಳ್ಳುತ್ತೇವೆ.

ಇಂತಿ,
ಆರೋಗ್ಯ ಮಾತೆಯ ಯಾತ್ರಿಕರು